ಕಾಫಿಯ ಮಿಸ್ ಕಾಲ್

ನನ್ನ ಕೆಲಸ ಏನೆಂದು ನಮ್ಮ ಮಾವನಿಗೆ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿತ್ತು. ಮೈಸೂರಿನ ಕಂಪನಿಗೆ ಹೋಗುತ್ತೇನೆ, ಕಂಪ್ಯೂಟರಿನ ಕೆಲಸ ಎಂದರೆ ಊರಿನ ಬೇರೆಯವರು ಅಷ್ಟಕ್ಕೇ ಸುಮ್ಮನಾಗುತ್ತಿದ್ದರು. ಮಾವ ಸುಮ್ಮನಾಗುವವರಲ್ಲ. ಕಂಪ್ಯೂಟರಿನಲ್ಲಿ ಏನು ಮಾಡುವುದು, ಟೈಪು ಹೊಡೆಯುವುದಾ, ಸಂಜೆಗೆ ಕೈಗೆ ಏನು ಸಿಗುತ್ತದೆ ತೋರಿಸು ಅನ್ನುತ್ತಿದ್ದರು. ಸೌದೆ ಒಡೆದರೆ ಸೌದೆ ಕಾಣುತ್ತದೆ, ಹೊಗೆಸೊಪ್ಪು ಹದ ಮಾಡಿದರೆ ಸೊಪ್ಪು ಕಾಣುತ್ತದೆ. ಎರಡು ಬಸ್ಸು ಹತ್ತಿ ಹೋಗಿ ಎರಡು ಬಸ್ಸು ಹತ್ತಿ ಬರುವ ಸೊಸೆಯ ಕೈಯಲ್ಲಿ ಖಾಲಿ ಟಿಫನ್ ಡಬ್ಬಿ ಬಿಟ್ಟರೆ ಏನೂ ಇರುತ್ತಿರಲಿಲ್ಲ.

ನಾನು ಕೆ.ಆರ್. ನಗರದ ಕಡೆಯ ಹೆಣ್ಣು. ನಾಲೆ ನೀರಿನ ಗದ್ದೆಯ ಊರು ನಮ್ಮದು. ಅಲ್ಲಿ ಕತ್ತಲಲ್ಲಿ ಹೊಲಕ್ಕೆ ಹೋದರೆ ನೀರು ತಿರುಗಿಸಲು, ಅಷ್ಟೆ. ನನ್ನನ್ನು ಕೊಟ್ಟದ್ದು ಹನಗೋಡಿನಿಂದ ಆಚೆಗೆ, ವೀರನಹೊಸಹಳ್ಳಿ ಕಡೆಯ ಕಾಡಂಚಿನ ಊರಿಗೆ. ಗಂಡ ಓದಿಕೊಂಡವರು, ಆದರೆ ಬೇಸಾಯ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ನಾನೂ ಕೆಲಸ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಇಬ್ಬರೂ ಮಾತಿಗೆ ನಿಂತೆವು. ಅದರ ಫಲವಾಗಿ ನಾನು ಬೆಳಗಿನ ಮೊದಲ ಬಸ್ಸಿಗೆ ಹುಣಸೂರು, ಅಲ್ಲಿಂದ ಮೈಸೂರು ಎಂದು ಅಲೆಯುವುದಾಯಿತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಊರಿನವರ ಜೇಬಿಗೆ ಆಗ ತಾನೇ ಮೊಬೈಲು ಬಂದಿತ್ತು.

ಕಡೆಗೊಂದು ದಿನ ಮಾವನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಪಾಠ ಮಾಡಿದೆ. ಒಂದು ದೊಡ್ಡ ಕಂಪ್ಯೂಟರ್ ಇರುತ್ತದೆ. ಅದರ ಹೊಟ್ಟೆಯೊಳಗೆ ಹತ್ತಾರು ಸುಳ್ಳು ಕಂಪ್ಯೂಟರುಗಳನ್ನು ಇಟ್ಟು ಸಾಕುವ ಒಂದು ಪ್ರೋಗ್ರಾಮು ಇರುತ್ತದೆ, ಹೈಪರ್‌ವೈಸರ್ ಎಂದು ಅದರ ಹೆಸರು. ಒಳಗಿರುವ ಒಂದೊಂದಕ್ಕೂ ಇಡೀ ಮನೆ ತನ್ನದೇ ಎಂಬ ಭ್ರಮೆ. ಮಾಹಿತಿ ತುಂಬಿಡುವ ಡಿಸ್ಕೋ, ನೆಟ್‌ವರ್ಕ್ ಕಾರ್ಡೋ ಹೊರಗಿನಿಂದ ‘ಕೆಲಸ ಮುಗಿಯಿತು, ಎದ್ದು ನೋಡು’ ಎಂದು ಕರೆ ಕೊಡುತ್ತದೆ. ಇಂಟರಪ್ಟ್ ಅನ್ನುವುದು ಆ ಕರೆಗೇ. ಕರೆಯಲ್ಲಿ ಮಾತಿರುವುದಿಲ್ಲ, ಬರೀ ಒಂದು ನಂಬರು ಇರುತ್ತದೆ. ಆ ನಂಬರು ಹಿಡಿದು ಒಳಗಿರುವವರಲ್ಲಿ ಯಾರನ್ನು ಎಬ್ಬಿಸಬೇಕು ಎಂದು ಹುಡುಕಬೇಕು. ಬೇಗ ಸಿಗುವ ಹಾಗೆ ಆ ಪಟ್ಟಿಯನ್ನು ಕಟ್ಟುವುದು ನನ್ನ ಕೆಲಸ.

ಮಾವ ಎಲ್ಲ ಕೇಳಿಸಿಕೊಂಡರು. ಅವರ ಕಾಲದಲ್ಲಿ ಹುಣಸೂರಿನ ಫೋನಾಫೀಸಿನಲ್ಲಿ ಹೆಂಗಸರು ವೈರು ಚುಚ್ಚಿ ಲೈನು ಕೊಡುತ್ತಿದ್ದುದನ್ನು ನೋಡಿದ್ದರಂತೆ, ಅದೇ ಅಲ್ಲವಾ ಎಂದರು. ನನಗೆ ರೇಗಿತು. ಅಷ್ಟು ವರ್ಷ ಓದಿದ್ದು ವೈರು ಚುಚ್ಚುವುದಕ್ಕಲ್ಲ ಎಂದು ಎದ್ದು ಹೋದೆ. ಮಾರನೆಯ ದಿನದಿಂದ ಮಾವ ಊರ ತುಂಬ ನಮ್ಮ ಸೊಸೆ ಫೋನಾಫೀಸಿನಲ್ಲಿದ್ದಾಳೆ ಎಂದು ಹೇಳಿಕೊಂಡು ಓಡಾಡಿದರು. ಮೂರನೆಯ ಬೀದಿಯವರೊಬ್ಬರು ತಮ್ಮ ಲೈನು ಸತ್ತು ಆರು ತಿಂಗಳಾಯಿತೆಂದು ನನ್ನ ಮೇಲೆ ಜಗಳಕ್ಕೇ ಬಂದರು. ಮಾವ ಒಳಗೆ ಕೂತು ನಗುತ್ತಿದ್ದರು. ಅವರು ನಕ್ಕರೆ ಸದ್ದು ಬರುತ್ತಿರಲಿಲ್ಲ, ಹೆಗಲು ಕುಣಿಯುತ್ತಿತ್ತು.

ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳು ನಾನು. ಈ ಮನುಷ್ಯನನ್ನು ನಾನು ಎಷ್ಟು ಹಚ್ಚಿಕೊಂಡಿದ್ದೆ ಎಂದರೆ ಗಂಡನ ಮೇಲಿನ ಸಿಟ್ಟನ್ನೂ ಇವರ ಹತ್ತಿರವೇ ಹೇಳಿಕೊಳ್ಳುತ್ತಿದ್ದೆ.

ನಮ್ಮದು ಸ್ವಲ್ಪ ಹೊಗೆಸೊಪ್ಪು, ಉಳಿದಂತೆ ಮುಸುಕಿನ ಜೋಳ, ರಾಗಿ. ಜೋಳ ಹಾಲು ತುಂಬುವ ಹೊತ್ತಿಗೇ ಸೊಪ್ಪು ಕೊಯ್ಲಿಗೆ ಬರುತ್ತದೆ. ಕೊಯ್ದ ಸೊಪ್ಪನ್ನು ಬ್ಯಾರನ್ನಿಗೆ, ಅಂದರೆ ಬೆಂಕಿಯ ಕಾವಿನಲ್ಲಿ ಹದ ಮಾಡುವ ಮನೆಗೆ, ಏರಿಸಿದರೆ ಮುಗಿಯಿತು, ಬೆಂಕಿಯ ಕಾವು ಏರದಂತೆ ಇಳಿಯದಂತೆ ಒಬ್ಬರು ಅದರ ಬಾಯಲ್ಲೇ ಕೂತಿರಬೇಕು. ಅದು ನಮ್ಮ ಯಜಮಾನರ ಪಾಲು. ಜೋಳದ ಹೊಲ ಕಾಯುವುದು ಮಾವನ ಪಾಲು. ಹೊಲದ ತುದಿಯ ಮತ್ತಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡಿದ್ದರು. ರಾತ್ರಿ ಉಂಡು ಕಂಬಳಿ ಹೊದ್ದು ಹೋದರೆ ಬೆಳಗಾದ ಮೇಲೆ ಬರುತ್ತಿದ್ದರು.

ಕಾಯುವುದು ಆನೆಯಿಂದ. ಕಾಡಿಗೂ ಊರಿಗೂ ನಡುವೆ ಕಂದಕ ತೋಡಿದ್ದರು. ಮಳೆಗೆ ದಡ ಕುಸಿದ ಕಡೆಯೆಲ್ಲ ಆನೆಗಳು ಕಾಲಿಟ್ಟು ಇಳಿದು ಹತ್ತಿ ಬರುತ್ತಿದ್ದವು. ಆನೆ ಬರುವ ಹೊತ್ತಿಗಿಂತ ಹಿಂದಿರುಗುವ ಹೊತ್ತು ಕೆಟ್ಟದ್ದು ಎಂದು ನನಗೆ ಈ ಊರಿಗೆ ಬಂದ ಮೇಲೆ ತಿಳಿಯಿತು. ಬರುವಾಗ ಎಲ್ಲರೂ ಮರದ ಮೇಲಿರುತ್ತಾರೆ. ಹಿಂದಿರುಗುವಾಗ ನಸುಕು, ಮಂಜು. ರಾತ್ರಿಯಿಡೀ ಕಾದವರು ನಿದ್ದೆಗಣ್ಣಲ್ಲಿ ಇಳಿದು ಮನೆ ಕಡೆ ಹೊರಟಿರುತ್ತಾರೆ. ಅದೇ ದಾರಿಯಲ್ಲಿ ಆನೆಯೂ ಕಾಡಿನ ಕಡೆ ಹೊರಟಿರುತ್ತದೆ.

ಮಾವನಿಗೆ ಕೋಳಿ ಕೂಗಿದ ತಕ್ಷಣ ಇಳಿದು ಬರುವ ಚಾಳಿ. ಕಾಫಿ ಕುಡಿಯದಿದ್ದರೆ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ನಾನು ಬಂದ ಮೇಲೆ ಅದಕ್ಕೊಂದು ಕಟ್ಟು ಹಾಕಿದೆ. ಒಂದು ಹಳೆಯ ಮೊಬೈಲು ಕೊಟ್ಟೆ. ಬೆಳಕು ಬಿಟ್ಟ ಮೇಲೆ ಕಾಫಿ ಇಳಿಸಿ ನಾನೊಂದು ಮಿಸ್ ಕಾಲ್ ಕೊಡುತ್ತೇನೆ, ಅದು ಬರುವ ತನಕ ಮರ ಇಳಿಯಬಾರದು ಎಂದೆ. ಅವರಿಗೆ ಓದಲು ಬಾರದು. ನನ್ನ ನಂಬರಿಗೆ ಬೇರೆಯದೇ ಟ್ಯೂನ್ ಹಾಕಿಕೊಟ್ಟೆ, ನೋಡದೆಯೇ ನಾನೆಂದು ಗೊತ್ತಾಗಲಿ ಎಂದು. ರಿಂಗಾದ ಕೂಡಲೇ ಅವರು ಕಟ್ ಮಾಡುತ್ತಿದ್ದರು. ಕಟ್ ಮಾಡಿದರೆಂದರೆ ಕೇಳಿಸಿತು, ಹೊರಟೆ ಎಂದು ಅರ್ಥ. ಆ ದಿನಗಳಲ್ಲಿ ಮೊಬೈಲು ಇದ್ದವರೆಲ್ಲ ಹೀಗೇ ಮಾಡುತ್ತಿದ್ದರು, ಎತ್ತಿದರೆ ದುಡ್ಡು ಹೋಗುತ್ತದೆ ಎಂದು. ಈಗ ಒಳಬರುವ ಕರೆಗೆ ದುಡ್ಡಿಲ್ಲ ಮಾವ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ನಾನು ಬಸ್ಸಿಗೆ ಹೊರಡುವ ಮೊದಲು ಅವರು ಬಂದು ಅಡುಗೆಮನೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಲೋಟ ಹಿಡಿಯುತ್ತಿದ್ದರು. ರಾತ್ರಿ ಕೇಳಿದ ಸದ್ದುಗಳ ವರದಿ ಒಪ್ಪಿಸುತ್ತಿದ್ದರು. ಆಫೀಸಿನಲ್ಲಿ ಬೇಗ ಕೆಲಸವಿದ್ದ ದಿನ ನಾನು ಬೇಗ ರಿಂಗ್ ಕೊಡುತ್ತಿದ್ದೆ, ಅವರೂ ಬೇಗ ಬರುತ್ತಿದ್ದರು. ಹೀಗೆ ಎರಡು ವರ್ಷ ಸುಸೂತ್ರವಾಗಿ ನಡೆಯಿತು.

ಅದೇ ಹೊತ್ತಿಗೆ ಊರಿನಲ್ಲಿ ಇನ್ನೊಂದು ಗೋಳು ಶುರುವಾಗಿತ್ತು. ಕಂದಕದ ಪಕ್ಕದ ಜಮೀನನ್ನು ಕೇರಳದವರು ಶುಂಠಿ ಬೆಳೆಯಲು ಗುತ್ತಿಗೆ ಹಿಡಿದಿದ್ದರು. ಅಲ್ಲಿ ಒಬ್ಬ ಮಲಯಾಳಿ ಕಾವಲಿನವನು ಶೆಡ್ಡು ಹಾಕಿಕೊಂಡು ಇರುತ್ತಿದ್ದ. ಊರೆಲ್ಲ ಅವನನ್ನು ಚೇಟ ಎಂದೇ ಕರೆಯುತ್ತಿತ್ತು. ಆನೆಗೆ ಶುಂಠಿ ಬೇಡ, ಅದರಿಂದ ಅವನಿಗೆ ಚಿಂತೆಯಿಲ್ಲ. ಆದರೆ ಕಂದಕ ದಾಟಿದ ಆನೆಯನ್ನು ಮೊದಲು ಕಾಣುವವನು ಅವನೇ. ಒಳ್ಳೆಯ ಮನುಷ್ಯ, ಕಂಡ ಕೂಡಲೇ ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿಂದ ಕೆಳಗಿನವರೆಗೆ ಒಬ್ಬೊಬ್ಬರಿಗೂ ಮಾಡಿ ಹೇಳುತ್ತಿದ್ದ. ಅವರು ಇನ್ನೊಬ್ಬರಿಗೆ ಮಾಡುತ್ತಿದ್ದರು. ಎಲ್ಲರ ಲೈನೂ ಬಿಜಿ. ಯಾರ ಹೊಲಕ್ಕೆ ಆನೆ ಹೊರಟಿದೆಯೋ ಅವನಿಗೆ ಸುದ್ದಿ ಮುಟ್ಟುವುದು ಎಲ್ಲರಿಗಿಂತ ಕೊನೆಗೆ. ಉಳಿದವರು ಸುಮ್ಮನೆ ತಗಡು ಬಡಿದು, ಪಟಾಕಿ ಹಚ್ಚಿ ಆನೆಯನ್ನು ಅತ್ತಿಂದಿತ್ತ ಓಡಿಸುತ್ತಿದ್ದರು. ಗಾಬರಿಯಾದ ಆನೆ ಒಂದು ಹೊಲ ಹಾಳು ಮಾಡುವ ಬದಲು ನಾಲ್ಕು ಹೊಲ ಹಾಳು ಮಾಡುತ್ತಿತ್ತು.

ನನಗೆ ನಗು ಬಂತು, ಯಾಕೆಂದರೆ ಆಫೀಸಿನಲ್ಲಿ ನಾನು ಸೇರಿದಾಗ ನಮ್ಮ ಪಟ್ಟಿಯೂ ಹೀಗೇ ಇತ್ತು. ಉದ್ದನೆಯ ಸರಪಳಿ. ಕರೆ ಬಂದಾಗಲೆಲ್ಲ ಮೊದಲ ಕೊಂಡಿಯಿಂದ ಶುರು ಮಾಡಿ ನೀನಾ, ನೀನಾ ಎಂದು ಕೇಳುತ್ತಾ ಹೋಗಬೇಕು. ಒಳಗಿನ ಯಂತ್ರಗಳು ನಾಲ್ಕೈದು ಇದ್ದಾಗ ನಡೆಯುತ್ತದೆ. ಹೆಚ್ಚಾದಂತೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ, ಹುಡುಕಿ ಮುಗಿಯುವ ತನಕ ಬೇರೆ ಕರೆಗಳು ಬಾಗಿಲಲ್ಲಿ ನಿಂತಿರಬೇಕು. ನಾನು ಆ ಸರಪಳಿಯನ್ನು ಕಿತ್ತು ಹಾಕಿ ನಂಬರಿಗೊಂದು ಖಾನೆ ಮಾಡಿದ ಕೋಷ್ಟಕ ಕಟ್ಟಿದ್ದೆ. ಕರೆ ಬಂದರೆ ಆ ನಂಬರಿನ ಖಾನೆಗೆ ನೇರ ಹೋಗುವುದು, ಅಲ್ಲಿ ಬರೆದವನನ್ನು ಮಾತ್ರ ಎಬ್ಬಿಸುವುದು. ಉಳಿದವರು ಮಲಗಿರಲಿ.

ಊರಿಗೂ ಅದನ್ನೇ ಮಾಡಿ ಎಂದೆ. ಆನೆ ಕಂದಕ ದಾಟುವ ಜಾಗಗಳು ಎಲ್ಲರಿಗೂ ಗೊತ್ತಿದ್ದವು. ಇಲ್ಲಿ ದಾಟಿದರೆ ಈ ಹೊಲಗಳು, ಅಲ್ಲಿ ದಾಟಿದರೆ ಆ ಹೊಲಗಳು. ಚೇಟ ಎಲ್ಲರಿಗೂ ಮಾಡುವುದು ಬೇಡ, ಆ ಹೊಲದ ಮನೆಗೆ ಮಾತ್ರ ಮಾಡಲಿ. ಆ ಮನೆಯವರು ತಮ್ಮ ಕಾವಲಿನವರಿಗೆ ಮಾಡಿಕೊಳ್ಳಲಿ. ಮನೆಯಲ್ಲಿ ಯಾರಾದರೂ ಎದ್ದೇ ಎದ್ದಿರುತ್ತಾರೆ, ಮರದ ಮೇಲಿರುವವನ ಫೋನಿನ ಬ್ಯಾಟರಿ ಇರುತ್ತದೋ ಇಲ್ಲವೋ, ಸತ್ತಿದ್ದರೆ ಮನೆಯವರೇ ಹೋಗಿ ಕೂಗಿ ಹೇಳಬಹುದು. ನಮ್ಮ ಜಗಲಿಯ ಮೇಲೆ ಊರಿನವರನ್ನು ಸೇರಿಸಿ ಯಜಮಾನರು ಇದನ್ನು ಹೇಳಿದರು. ಗಂಡಸರು ತಲೆದೂಗಿದರು. ಜಾರಿಗೆ ಬಂದ ಮೊದಲ ತಿಂಗಳಲ್ಲೇ ಅದು ಕೆಲಸ ಮಾಡಿತು. ಒಂದು ರಾತ್ರಿ ಚೇಟ ನಮ್ಮ ಮನೆಗೆ ಮಾಡಿದ, ನಾನು ಮಾವನಿಗೆ ಮಾಡಿದೆ, ಕಾಫಿಯ ಹೊತ್ತಲ್ಲವೆಂದು ಮಾವ ಎತ್ತಿ ಮಾತಾಡಿದರು. ಆನೆ ಬೆಳೆಗೆ ಬಾಯಿ ಹಾಕುವ ಮೊದಲೇ ದೊಡ್ಡ ಟಾರ್ಚು ಬಿಟ್ಟು ತಿರುಗಿಸಿದರು. ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತಾ, ಪೋನಾಪೀಸಿನ ಕೆಲಸ ಅಂದರೆ ಸುಮ್ಮನೆ ಅಲ್ಲ ಕಣವ್ವ ಎಂದು ಮೆಚ್ಚಿಕೊಂಡರು. ನನಗೆ ಹೆಮ್ಮೆಯಾಗಿತ್ತು, ಯಾಕೆ ಸುಳ್ಳು ಹೇಳಲಿ.

ಆಫೀಸಿನಲ್ಲಿ ಮಾತ್ರ ನನ್ನ ಕೋಷ್ಟಕ ನನ್ನ ಕುತ್ತಿಗೆಗೇ ಬಂದಿತ್ತು. ಹುಡುಕುವುದು ಬೇಗವಾಯಿತು ನಿಜ, ಆದರೆ ಖಾನೆಗಳಲ್ಲಿ ಹೆಚ್ಚಿನವು ಖಾಲಿ ಬಿದ್ದು ಮೆಮೊರಿ ತಿನ್ನುತ್ತಿದ್ದವು. ಡಿಸ್ಕು, ಕಾರ್ಡುಗಳಲ್ಲಿ ಯಾವಾಗಲೋ ಒಮ್ಮೆ ಕರೆಯುವವನನ್ನು ದಿನಾ ಕರೆಯುವವನ ನಂಬರಿನಲ್ಲೇ ಕೂರಿಸಿ, ಖಾನೆ ಉಳಿಯುತ್ತದೆ ಎಂದರು ನಮ್ಮ ಟೀಮ್ ಲೀಡ್. ಹಾಗೆ ಮಾಡಿದೆ. ಕೆಲವು ದಿನಕ್ಕೆ ಒಳಗಿನ ಯಂತ್ರಗಳಲ್ಲಿ ಒಂದು ಆಗಾಗ ಸತ್ತಂತೆ ಬೀಳತೊಡಗಿತು. ಕಾರಣ ಹಿಡಿಯಲು ನಾನು ಪಟ್ಟ ಪಾಡು ನನಗೇ ಗೊತ್ತು. ಆಗುತ್ತಿದ್ದುದು ಇಷ್ಟೆ. ಒಂದೇ ನಂಬರಿನಲ್ಲಿ ಇಬ್ಬರು ಕರೆಯುತ್ತಾರೆ. ಎದ್ದವನು, ಕರೆದದ್ದು ದಿನಾ ಕರೆಯುವವನೇ ಇರಬೇಕು ಎಂದುಕೊಂಡು, ಕೇಳದೆ, ‘ಆಯಿತು, ಕೇಳಿಸಿತು’ ಎಂದು ಒಪ್ಪಿಗೆ ಹಾಕಿಬಿಡುತ್ತಾನೆ. ಒಪ್ಪಿಗೆ ಬಿದ್ದ ಮೇಲೆ ಕರೆ ಅಳಿಸಿಹೋಗುತ್ತದೆ. ನಿಜವಾಗಿ ಕರೆದವನು ಬಾಯಿ ತೆರೆದುಕೊಂಡು ಕಾಯುತ್ತಾ ಕೂರುತ್ತಾನೆ. ಕಡೆಗೆ, ಇಬ್ಬರನ್ನೂ ನೀನಾ ಎಂದು ಕೇಳಿ ಮುಗಿಯುವ ತನಕ ಒಪ್ಪಿಗೆ ಹಾಕಕೂಡದು ಎಂದು ಬರೆದು ಅದನ್ನು ಸರಿ ಮಾಡಿದೆ.

ಅದನ್ನು ಸರಿ ಮಾಡಿದ ಸಂಜೆ ಬಸ್ಸಿನಲ್ಲಿ ಬರುವಾಗ ನನಗೆ ಮಾವನ ಫೋನು ನೆನಪಾಯಿತು. ಕಾಫಿಗೂ ನನ್ನ ರಿಂಗು, ಆನೆಗೂ ನನ್ನ ರಿಂಗು. ಒಂದು ಬಾ ಎಂದು, ಇನ್ನೊಂದು ಬರಬೇಡ ಎಂದು. ಮನೆಗೆ ಹೋದವಳೇ ಮಾವನಿಗೆ ಹೇಳಿದೆ. ಒಂದು ಸಲ ರಿಂಗಾಗಿ ನಿಂತರೆ ಕಾಫಿ. ನಿಲ್ಲದೆ ಬಡಿದುಕೊಳ್ಳುತ್ತಿದ್ದರೆ ಆನೆ, ಎತ್ತಿ ಮಾತಾಡಬೇಕು. ಮಾವ ಹೂಂ ಎಂದರು. ಎಲ್ಲಿ ಹೇಳಿ ನೋಡೋಣ ಎಂದೆ, ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದರು. ಮೂಲೆಯಲ್ಲಿ ಹುರುಳಿ ಆರಿಸುತ್ತಿದ್ದ ಅತ್ತೆ, ಈ ವಯಸ್ಸಿನಾಗೆ ಇಸ್ಕೂಲು ಎಂದು ನಕ್ಕರು.

ಅದು ಗೌರಿ ಹಬ್ಬ ಹತ್ತಿರವಿದ್ದಾಗ. ಜೋಳದ ತೆನೆ ಬಲಿಯುತ್ತಿತ್ತು. ಬ್ಯಾರನ್ನಿನಲ್ಲಿ ಸೊಪ್ಪು ಇತ್ತು. ಯಜಮಾನರು ಮನೆಗೆ ಬಂದು ಮಲಗಿ ವಾರವಾಗಿತ್ತು. ನಾನು ಎದ್ದು ಒಲೆ ಹಚ್ಚಿ ಕಾಫಿಗೆ ನೀರಿಟ್ಟಿದ್ದೆ. ಕಿಟಕಿಯಾಚೆ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ, ಮಂಜಿಗೆ ಕೊಟ್ಟಿಗೆಯೂ ಕಾಣುತ್ತಿರಲಿಲ್ಲ. ಆಗ ಚೇಟನ ಫೋನು ಬಂತು.

“ಚೇಚಿ, ಆನ ಉಂಟು. ಕುಟ್ಟಿ ಕೂಡ ಉಂಟು. ನಿಮ್ಮ ಜೋಳದ ಕಡೆಯಿಂದ ವಾಪಸ್ ಈ ಕಡೆ ಬರ್ತಾ ಉಂಟು. ಅಪ್ಪನಿಗೆ ಇಳಿಬೇಡ ಹೇಳಿ.”

ಮರಿ ಜೊತೆಗಿರುವ ಆನೆ. ಅದರ ಎದುರಿಗೆ ಯಾರೂ ಸಿಗಬಾರದು. ಸರಿ ಎಂದು ಇಟ್ಟು ಮಾವನಿಗೆ ಮಾಡಿದೆ. ಒಮ್ಮೆ ರಿಂಗಾಯಿತು, ಕಟ್ ಆಯಿತು.

ಕಟ್ ಎಂದರೆ ಹೊರಟೆ ಎಂದು. ಮತ್ತೆ ಮಾಡಿದೆ. ರಿಂಗು ಶುರುವಾಗುವುದೇ ತಡ, ಕಟ್. ಇನ್ನೊಮ್ಮೆ ಮಾಡಿದೆ, ಮತ್ತೆ ಕಟ್. ನಿಲ್ಲದೆ ಬಡಿದುಕೊಂಡರೆ ಎತ್ತಿ ಎಂದು ಹೇಳಿಕೊಟ್ಟಿದ್ದೆನಲ್ಲ, ಆದರೆ ಅದು ಬಡಿದುಕೊಳ್ಳಲು ಅವರು ಬಿಟ್ಟರೆ ತಾನೆ. ದುಡ್ಡು ದಂಡವಾಗದಿರಲಿ ಎಂದು ಬೆರಳನ್ನು ಗುಂಡಿಯ ಮೇಲೇ ಇಟ್ಟುಕೊಂಡಿದ್ದರೋ ಏನೋ. ಸೊಸೆಗೆ ಇವತ್ತು ಬೇಗ ಬಸ್ಸು, ಅವಸರ ಮಾಡುತ್ತಿದ್ದಾಳೆ, ಕೇಳಿಸಿತು ತಾಯಿ, ಬಂದೆ, ಬಂದೆ. ಒಂದೊಂದು ಕಟ್‌ನಲ್ಲೂ ಅವರು ನನಗೆ ಹೇಳುತ್ತಿದ್ದುದು ಅದೇ. ಇಳಿಯಬೇಡಿ ಎಂದು ನಾನು ಕೂಗುತ್ತಿದ್ದೇನೆ, ನಾನು ಕೂಗಿದಷ್ಟೂ ಅವರು ಕಾಲು ಬೇಗ ಹಾಕುತ್ತಿದ್ದಾರೆ. ಕರೆಯುವುದನ್ನು ನಿಲ್ಲಿಸೋಣವೆಂದರೆ ನಿಲ್ಲಿಸಿದ ಮೇಲೆ ನನ್ನ ಕೈಯಲ್ಲಿ ಇನ್ನೇನೂ ಇಲ್ಲ.

ಅತ್ತೆಯನ್ನು ಎಬ್ಬಿಸಿ ಬ್ಯಾರನ್ನಿಗೆ ಓಡಿಸಿದೆ, ಯಜಮಾನರಿಗೆ ಹೇಳಿ ಎಂದು. ನಾನು ಹೊಲದ ಕಡೆ ಓಡಿದೆ. ಓಡುತ್ತಲೇ ಮಾಡುತ್ತಿದ್ದೆ. ಕೆರೆ ಏರಿ ಇಳಿದ ಮೇಲೆ ಮಂಜು ಇನ್ನೂ ದಟ್ಟವಾಗಿತ್ತು. ಮಾವಾ ಎಂದು ಕೂಗಿದೆ. ನನ್ನ ದನಿ ಮಂಜಿನಲ್ಲಿ ನನ್ನ ಹತ್ತಿರವೇ ಬಿದ್ದುಹೋಯಿತು. ಮತ್ತೆ ಗುಂಡಿ ಒತ್ತಿದೆ.

ಈ ಸಲ ಕಟ್ ಆಗಲಿಲ್ಲ. ರಿಂಗಾಯಿತು. ಇನ್ನೂ ರಿಂಗಾಯಿತು. ಅಬ್ಬಾ, ಈಗ ಎತ್ತುತ್ತಾರೆ, ಕಡೆಗೂ ನೆನಪಾಯಿತು ಎಂದುಕೊಂಡೆ. ನಿಜವಾಗಿ ಹಾಗೆಯೇ ಅಂದುಕೊಂಡೆ, ಒಂದು ಗಳಿಗೆ ನನಗೆ ಖುಷಿಯಾಯಿತು. ರಿಂಗು ಪೂರ್ತಿ ಆಗಿ, ಕರೆ ಸ್ವೀಕರಿಸುತ್ತಿಲ್ಲ ಎಂದು ಒಬ್ಬ ಹೆಂಗಸಿನ ದನಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಿತು. ಆಮೇಲೆ ದೂರದಲ್ಲಿ ಆನೆ ಘೀಳಿಟ್ಟಿತು.

ಅವರು ಸಿಕ್ಕಿದ್ದು ಜೋಳದ ಹೊಲಕ್ಕೂ ಕಾಲುದಾರಿಗೂ ನಡುವಿನ ಬದುವಿನ ಹತ್ತಿರ. ನೋಡಿದ್ದನ್ನು ನಾನು ಬರೆಯುವುದಿಲ್ಲ. ಕಂಬಳಿ ದೂರ ಬಿದ್ದಿತ್ತು. ಫೋನು ಅಂಗಿಯ ಜೇಬಿನಲ್ಲಿ ಚೆನ್ನಾಗಿಯೇ ಇತ್ತು. ಯಜಮಾನರು ಓಡಿ ಬಂದು ತಂದೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅತ್ತ ಬ್ಯಾರನ್ನಿನಲ್ಲಿ ಬೆಂಕಿ ಹೆಚ್ಚಾಗಿ ಸೊಪ್ಪೆಲ್ಲ ಕಪ್ಪಾಯಿತು. ಅದನ್ನು ಯಾರೂ ನೋಡಲು ಹೋಗಲಿಲ್ಲ.

ಅರಣ್ಯ ಇಲಾಖೆಯವರು ಬಂದರು, ಪೊಲೀಸರು ಬಂದರು, ಹುಣಸೂರಿನ ಆಸ್ಪತ್ರೆಯಿಂದ ಸಂಜೆಗೆ ದೇಹ ಬಂತು. ಊರಿನವರಿಗೆ ಕಟ್ ಆದ ಕರೆಗಳ ವಿಷಯ ತಿಳಿಯಲು ಹೊತ್ತಾಗಲಿಲ್ಲ. ಬಾಯಿಗೆ ಬಂದದ್ದು ಮಾತಾಡಿದರು. ಸೊಸೆ ಕರೆದಳು, ಅದಕ್ಕೇ ಹೋದ ಎಂದವರೂ ಉಂಟು. ಪಾಪ ಅವಳೇನು ಮಾಡುತ್ತಾಳೆ, ಉಳಿಸೋಣ ಅಂತಲೇ ತಾನೆ ಕರೆದದ್ದು ಎಂದವರೂ ಉಂಟು. ಇಬ್ಬರ ಮೇಲೂ ನನಗೆ ಸಮನಾಗಿ ಸಿಟ್ಟು ಬಂತು. ಚೇಟ ತಿಥಿಯ ದಿನ ಬಂದು ಕಂಬಕ್ಕೆ ಒರಗಿ ನಿಂತಿದ್ದ. ಎಲೆ ಹಾಕಿದರೂ ಊಟಕ್ಕೆ ಕೂರಲಿಲ್ಲ. ಅಪ್ಪ ನನ್ನ ಫೋನು ಯಾವಾಗಲೂ ಎತ್ತುತ್ತಿದ್ದರು ಎಂದು ತನ್ನ ಭಾಷೆ ಬೆರೆಸಿ ಹೇಳಿಕೊಂಡು ಅತ್ತ. ನಾನು ಆಗ ಆ ಮಾತನ್ನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ತಿಥಿ ಮುಗಿಸಿ ಆಫೀಸಿಗೆ ಹೋದೆ. ಟೀಮ್ ಲೀಡ್ ಒಳ್ಳೆಯವರು, ಇನ್ನೂ ಕೆಲವು ದಿನ ಇರಬಹುದಿತ್ತು ಎಂದರು. ನಾನು ಕೂತವಳೇ ಮೊದಲು ಹೇಳಿದ್ದು, ಇಬ್ಬರನ್ನು ಒಂದು ನಂಬರಿನಲ್ಲಿ ಕೂರಿಸಿದ್ದನ್ನು ತೆಗೆದುಹಾಕೋಣ ಎಂದು. ಯಾಕೆ, ಮತ್ತೆ ಯಂತ್ರ ಬಿತ್ತಾ ಎಂದರು. ಇಲ್ಲ ಎಂದೆ. ಅವರು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ನನ್ನ ಕೋಡನ್ನು ಮೊದಲಿನಿಂದ ಓದಿದರು. ಇಬ್ಬರನ್ನೂ ಕೇಳಿಯೇ ಒಪ್ಪಿಗೆ ಹಾಕುತ್ತದೆ, ಇದರಲ್ಲಿ ತಪ್ಪಿಲ್ಲ, ಯಾಕೆ ಬಿಚ್ಚಬೇಕು ಎಂದರು. ಸರಿಯಾಗಿಯೇ ಹೇಳಿದರು. ಯಂತ್ರಕ್ಕೆ ಕೇಳು ಎಂದು ಬರೆದರೆ ಅದು ಸಾವಿರ ಸಲವೂ ಕೇಳುತ್ತದೆ. ಎರಡು ವರ್ಷ ದಿನಾ ಬೆಳಿಗ್ಗೆ ಒಂದೇ ರಿಂಗಿಗೆ ಕಾಫಿ ಕುಡಿದ ಮನುಷ್ಯ ಕೇಳುವುದಿಲ್ಲ.

ಟೀಮ್ ಲೀಡ್ ಇನ್ನೊಂದು ಮಾತು ಸೇರಿಸಿದರು. ಅಷ್ಟು ತುರ್ತಿನ ಕರೆ ಯಾವುದಾದರೂ ಇದ್ದರೆ ಅದಕ್ಕೊಂದು ಬೇರೆ ನಂಬರು ಕೊಡಿ, ಖಾನೆ ಒಂದು ಹೆಚ್ಚಾದರೆ ಏನೂ ಮುಳುಗುವುದಿಲ್ಲ ಎಂದರು. ಅವರಿಗೆ ನಮ್ಮ ಮನೆಯ ಕಥೆ ಪೂರ್ತಿ ಗೊತ್ತಿರಲಿಲ್ಲ. ಆನೆ ತುಳಿಯಿತು ಎಂದಷ್ಟೇ ಗೊತ್ತಿತ್ತು. ಆಗ ನನಗೆ ಚೇಟ ಅತ್ತುಕೊಂಡು ಹೇಳಿದ್ದರ ಅರ್ಥ ತಿಳಿಯಿತು. ಮೊದಲು ಅವನು ಎಲ್ಲರಿಗೂ ಮಾಡುತ್ತಿದ್ದಾಗ ನೇರವಾಗಿ ಮಾವನಿಗೂ ಮಾಡುತ್ತಿದ್ದ. ಅವನ ರಿಂಗು ಬೇರೆ ಟ್ಯೂನು. ಅದು ಬಂದರೆ ಮಾವ ತಪ್ಪದೆ ಎತ್ತುತ್ತಿದ್ದರು, ಏನ್ಲಾ ಚೇಟ ಎಂದು ಜೋರಾಗಿ ಮಾತಾಡುತ್ತಿದ್ದರು. ಆ ದಾರಿಯನ್ನು ಮುಚ್ಚಿ ಎಲ್ಲ ಕರೆಯೂ ಮನೆಯ ಮೇಲೇ ಹೋಗಲಿ ಎಂದಾಗ ಜಗಲಿಯ ಮೇಲೆ ಕೂತಿದ್ದ ಇಡೀ ಊರು ತಲೆದೂಗಿತ್ತು. ಆ ಬೆಳಿಗ್ಗೆಯೂ ನಾನು ಚೇಟನಿಗೆ ನೀನೇ ಅವರಿಗೆ ಮಾಡು ಎಂದಿದ್ದರೆ ಸಾಕಿತ್ತು. ಓಡುವಾಗ ಅದು ಹೊಳೆಯಲಿಲ್ಲ. ನನಗೆ ಹೊಳೆದದ್ದು ಇನ್ನೊಮ್ಮೆ ನಾನೇ ಮಾಡಬೇಕು ಎಂಬುದೊಂದೇ.

ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಬಂದು ಕೂತು ಆ ದಿನದ ಕೆಲಸ ಮುಗಿಸಿದೆ. ಕೋಡು ಹಾಗೆಯೇ ಹೋಯಿತು. ಈಗಲೂ ಎಲ್ಲೋ ಓಡುತ್ತಿರಬಹುದು.

ಊರಿನಲ್ಲಿ ಚೇಟ ಮತ್ತೆ ಎಲ್ಲರಿಗೂ ಮಾಡತೊಡಗಿದ. ಮತ್ತೆ ಲೈನು ಬಿಜಿ, ಮತ್ತೆ ತಗಡಿನ ಸದ್ದು. ಯಜಮಾನರು ನಮ್ಮ ಹೊಲದಲ್ಲಿ ಜೋಳ ಹಾಕುವುದನ್ನು ಬಿಟ್ಟರು. ಬೆಳಿಗ್ಗೆ ಕಾಫಿ ಇಳಿಸುವಾಗ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಅದು ತಪ್ಪಲು ಬಹಳ ಕಾಲ ಹಿಡಿಯಿತು.

ಅತ್ತೆ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಬೈದಿರಲಿಲ್ಲ, ಸಮಾಧಾನವನ್ನೂ ಹೇಳಿರಲಿಲ್ಲ. ವರ್ಷದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ತಲೆ ಎತ್ತದೆ ಕೇಳಿದರು.

“ಅವತ್ತು ಬೆಳಗ್ಗೆ ಪೋನು ಮಾಡ್ದವ್ಳು ನೀನೇ ಅಂತ ಅವ್ರಿಗೆ ಗೊತ್ತಿತ್ತಾ?”

“ಗೊತ್ತಿತ್ತು ಅತ್ತೆ. ನನ್ನ ನಂಬರಿಗೆ ಬೇರೆ ಟ್ಯೂನು.”

ಅತ್ತೆಯ ಕೈ ನಿಂತಿತು. ಅವರು ಇಷ್ಟು ದಿನ ಈ ಒಂದು ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದರೆಂದು ಅವರ ಮುಖ ನೋಡಿದಾಗ ಗೊತ್ತಾಯಿತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

“ಅಂಗಾರೆ ಎದ್ರಿಕೊಂಡು ಬರ್ನಿಲ್ಲ ಬುಡು. ಸೊಸೆ ಕರೀತಾವ್ಳೆ, ಕಾಪಿ ಕುಡೀಬೇಕು ಅಂತ ಕುಸಿಯಾಗೇ ಬಂದವ್ರೆ. ನನ್ಗೆ ಅಷ್ಟ್ ಸಾಕು ಕಣವ್ವ.”

ಹೌದು ಅತ್ತೆ ಎಂದೆ. ಮೊರವನ್ನು ಹತ್ತಿರ ಎಳೆದುಕೊಂಡು ಕಾಯಿ ಸುಲಿದೆ. ನಾನು ಎಂದು ಗೊತ್ತಾಗದೆ ಇದ್ದಿದ್ದರೆ ಮಾವ ಫೋನು ಎತ್ತುತ್ತಿದ್ದರು.